ಕತ್ತಲಲ್ಲಿ ಒಬ್ಬರೇ ಮಾತಾಡುತ್ತಿದ್ದರಂತೆ

ಅವತ್ತು ಬೆಳಿಗ್ಗೆ ನನ್ನ ಗಂಡನಿಗೆ ಬಂದ ವಿಷಯ ‘ನೀವು ಮೆಚ್ಚುವ ಒಬ್ಬ ವ್ಯಕ್ತಿಯ ಬಗ್ಗೆ ಮಾತಾಡಿ’ ಎಂಬುದು. ಮಗಳು ಚೀಟಿಗಳನ್ನು ಇಸ್ಪೀಟ್ ಎಲೆಗಳ ಹಾಗೆ ಹರಡಿ ಹಿಡಿದಿದ್ದಳು. ಅವರು ಕಣ್ಣು ಮುಚ್ಚಿ ಒಂದನ್ನು ಎಳೆದರು. ನಾನು ಅವರ ಡಬ್ಬಿಗೆ ಊಟ ತುಂಬುತ್ತಾ ಗೋಡೆಯ ಗಡಿಯಾರ ನೋಡುತ್ತಿದ್ದೆ. ಇಂಗ್ಲಿಷ್ ಪರೀಕ್ಷೆಯಲ್ಲಿ ಚೀಟಿಯಲ್ಲಿ ಬಂದ ವಿಷಯದ ಮೇಲೆ ಎರಡು ನಿಮಿಷ ನಿಲ್ಲಿಸದೆ ಮಾತಾಡಬೇಕು. ನನಗೆ ಇಂಗ್ಲಿಷ್ ಬರುವುದಿಲ್ಲ. ಮುಳ್ಳು ಎರಡು ಸುತ್ತು ಬರುವುದನ್ನು ನೋಡಲು ಬರುತ್ತದೆ. ಹಾಗಾಗಿ ಗಡಿಯಾರದ ಕೆಲಸ ನನ್ನದು.

ಅವರು ಒಂದು ವಾಕ್ಯ ಹೇಳಿದರು. ಇನ್ನೊಂದನ್ನು ಅರ್ಧ ಹೇಳಿದರು. ನಿಂತರು.

“ಮುಗೀತಾ?” ಅಂದೆ.

“ಯಾರನ್ನ ಮೆಚ್ಚೋದು ಅಂತಲೇ ಗೊತ್ತಾಗ್ತಿಲ್ಲ ಕಣೇ.”

“ಇಷ್ಟು ವರ್ಷ ಬದುಕಿ ಒಬ್ಬರೂ ಸಿಗಲಿಲ್ವಾ ನಿಮಗೆ?”

“ನಿನ್ನ ಬಗ್ಗೆ ಹೇಳಬಹುದು. ಆದ್ರೆ ಸುಳ್ಳು ಅಂತ ಗೊತ್ತಾಗಿಬಿಡುತ್ತೆ.”

ಮಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ನಾನು ಡಬ್ಬಿಯ ಮುಚ್ಚಳವನ್ನು ಬೇಕಂತಲೇ ಜೋರಾಗಿ ಬಡಿದು ಹಾಕಿದೆ.

“ಹಾಗಾದ್ರೆ ನಮ್ಮ ನಾಯಿ ಬಗ್ಗೆ ಹೇಳಿ,” ಅಂದೆ.

“ನಾಯಿ ವ್ಯಕ್ತಿ ಅಲ್ಲಮ್ಮ,” ಅಂದಳು ಮಗಳು.

“ನಿಮ್ಮಪ್ಪ ಮಾತಾಡೋದು ನೋಡಿದ್ರೆ ಅದೇ ವಾಸಿ.”

ನಮ್ಮ ಮನೆಯಲ್ಲಿ ನಾಯಿ ಇರಲಿಲ್ಲ. ಅದರ ವಿಷಯ ಆಮೇಲೆ ಹೇಳುತ್ತೇನೆ. ಅವರು ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಬಸ್ಸಿನಲ್ಲಿ ಯೋಚನೆ ಮಾಡುತ್ತೇನೆ ಎಂದು ಹೇಳಿ ಹೊರಟರು. ಸಂಜೆ ಬಂದರು, ಎಣ್ಣೆಕೈ ತೊಳೆದರು, ಮತ್ತೆ ನಿಂತು ಅದೇ ವಿಷಯ ಶುರು ಮಾಡಿದರು. ಮತ್ತೆ ಅರ್ಧ ನಿಮಿಷಕ್ಕೆ ಮುಗಿಯಿತು. “ನಾಳೆ ನೋಡೋಣ” ಅಂದರು. ಚೀಟಿ ಮತ್ತೆ ಜೇಬಿಗೇ ಹೋಯಿತು. ಊಟಕ್ಕೆ ಕೂತಾಗ, “ನಾಳೇನೂ ಒಬ್ಬನೇ ಹೋಗಬೇಕಂತೆ” ಅಂದರು. ನಾನು, “ಆಗಲ್ಲ ಅನ್ನಿ” ಅಂದೆ. “ಅಂದೆ” ಅಂದರು. “ಸೂಪರ್‌ವೈಸರ್ ಏನಂದ್ರು?” ಅಂದೆ. “ಏನೂ ಅನ್ನಲಿಲ್ಲ, ಫೋನಿಟ್ಟ,” ಅಂದರು.

ಆ ದಿನ ಅಷ್ಟೇ. ನೆನಪಿಟ್ಟುಕೊಳ್ಳಬೇಕು ಎಂದು ಯಾರಿಗೂ ಅನಿಸುವಂಥ ದಿನವಲ್ಲ.

ಅವರದು ಲಿಫ್ಟ್ ರಿಪೇರಿ ಕೆಲಸ. ಲಿಫ್ಟ್ ಓಡಾಡುವ ಜಾಗ ಬಾವಿಯ ಹಾಗಿರುತ್ತದಂತೆ, ಅದಕ್ಕೆ ಗುಂಡಿ ಅನ್ನುತ್ತಾರೆ. ಮೇಲಿನಿಂದ ತಳದವರೆಗೆ ಕತ್ತಲು, ಎಣ್ಣೆಯ ನಾತ, ಹಗ್ಗದಷ್ಟು ದಪ್ಪ ತಂತಿಗಳು. ಅಲ್ಲಿ ಕೆಲಸ ಮಾಡಲು ಇಬ್ಬರು ಬೇಕು. ಒಬ್ಬ ಮೇಲೆ ಸ್ವಿಚ್ಚಿನ ಪಕ್ಕದಲ್ಲಿ ನಿಲ್ಲಬೇಕು, ಒಬ್ಬ ಕೆಳಗೆ ಇಳಿಯಬೇಕು. ಕೆಳಗಿನವನು “ತೆಗೆ” ಎಂದು ಕೂಗುತ್ತಾನೆ. ಮೇಲಿನವನು ಸ್ವಿಚ್ ತೆಗೆದು ಕರೆಂಟ್ ನಿಲ್ಲಿಸಿ “ತೆಗೆದೆ” ಎಂದು ಕೂಗುತ್ತಾನೆ. ಆ ಮಾತು ಕಿವಿಗೆ ಬೀಳುವವರೆಗೆ ಕೆಳಗಿನವನು ಒಂದು ಬೋಲ್ಟನ್ನೂ ಮುಟ್ಟುವುದಿಲ್ಲ. ಕೆಲಸ ಮುಗಿದ ಮೇಲೆ “ಹೊರಗೆ ಬಂದೆ, ಹಾಕು.” “ಹಾಕಿದೆ.” ಒಳಗೆ ಇರುವಷ್ಟು ಹೊತ್ತು ಬೇರೆ ಮಾತಿಲ್ಲ. ಹಾಡಿಲ್ಲ, ತಮಾಷೆಯಿಲ್ಲ. ಕೆಮ್ಮು ಬಂದರೂ ನುಂಗಬೇಕು ಅನ್ನುತ್ತಿದ್ದರು. ತಮ್ಮದೇ ಸದ್ದಿನಲ್ಲಿ ಮೇಲಿನವನ ಕೂಗು ತಪ್ಪಿಹೋದರೆ ಕಥೆ ಮುಗಿಯಿತು.

ಮನೆಯಲ್ಲೂ ಅದೇ ಚಾಳಿ. ಬಲ್ಬ್ ಬದಲಾಯಿಸಬೇಕಾದರೆ ಮಗಳು ಸ್ವಿಚ್ಚಿನ ಹತ್ತಿರ ನಿಂತು “ತೆಗೆದೆ” ಅನ್ನಬೇಕು. ಅವಳು ಕೈಯಾಡಿಸಿ ಸನ್ನೆ ಮಾಡಿದರೆ ಇವರು ಸ್ಟೂಲಿನಿಂದ ಇಳಿದುಬಿಡುತ್ತಿದ್ದರು. “ಬಾಯಲ್ಲಿ ಹೇಳು ಪುಟ್ಟಿ. ಸನ್ನೆ ನನಗೆ ಕಾಣಲ್ಲ ಅಂತ ತಿಳ್ಕೋ.” ಒಂದು ಬಲ್ಬಿಗೆ ಇಷ್ಟು ರಾಮಾಯಣವಾ ಎಂದು ನಾನು ಬೈಯುತ್ತಿದ್ದೆ.

ಅವರ ಜೊತೆಗಾರನನ್ನು ಎಲ್ಲರೂ ಗಂಟಲಣ್ಣ ಅನ್ನುತ್ತಿದ್ದರು. ವಯಸ್ಸಿನಲ್ಲಿ ಇವರಿಗಿಂತ ದೊಡ್ಡವರು. ಅವರು ಮೇಲೆ ನಿಂತು ಕೂಗಿದರೆ ಇಡೀ ಕಟ್ಟಡದವರು ಬಾಗಿಲು ತೆಗೆದು ನೋಡುತ್ತಿದ್ದರಂತೆ. ಇವರಿಬ್ಬರೂ ಎಷ್ಟೋ ವರ್ಷ ಹೀಗೆ ಮೇಲೆ ಕೆಳಗೆ ಕೂಗಾಡಿಕೊಂಡೇ ಬದುಕಿದರು. ಆಮೇಲೆ ಕಂಪನಿ ಜನ ಕಡಿಮೆ ಮಾಡಿತು. ಸಣ್ಣ ಕೆಲಸ, ಒಬ್ಬನೇ ಸಾಕು, ನೀನೇ ಮೇಲೆ ಹೋಗಿ ಸ್ವಿಚ್ ತೆಗೆದು ಕೆಳಗೆ ಬಾ, ಅಂದರು ಸೂಪರ್‌ವೈಸರ್. ಸ್ವಿಚ್ ತೆಗೆದು ಬಂದ ಮೇಲೆ ಅದನ್ನು ಯಾರು ಕಾಯುವುದು? ಮೇಲಿನ ಆ ಕೋಣೆಗೆ ಬೀಗವೂ ಇರುತ್ತಿರಲಿಲ್ಲ.

ಅದಕ್ಕೇ ಅವರು ಇಂಗ್ಲಿಷ್ ಕಲಿಯಲು ಹೊರಟದ್ದು. ಹೊರದೇಶದಲ್ಲಿ ಕೆಲಸವಿದೆ, ಇಂಗ್ಲಿಷ್ ಪರೀಕ್ಷೆ ಪಾಸಾದರೆ ತೆಗೆದುಕೊಳ್ಳುತ್ತಾರೆ ಎಂದು ಯಾರೋ ಹೇಳಿದ್ದರು. ಸಂಬಳದ ಮಾತನ್ನು ಅವರು ನನಗೆ ಆಮೇಲೆ ಹೇಳಿದರು. ಮೊದಲು ಹೇಳಿದ್ದು, “ಅಲ್ಲಿ ಇಬ್ಬರಿಲ್ಲದೆ ಬಾಗಿಲೇ ತೆಗೆಯಲ್ಲವಂತೆ ಕಣೇ” ಎಂದು. ಬೇರೆಯವರು ಬಂಗಲೆ, ಕಾರು ಅನ್ನುತ್ತಾರೆ. ಇವರಿಗೆ ಮೇಲೆ ನಿಂತು “ತೆಗೆದೆ” ಅನ್ನುವ ಒಬ್ಬ ಮನುಷ್ಯ ಬೇಕಾಗಿತ್ತು.

ಕ್ಲಾಸು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ನಾವು ಇರುವುದು ಕೆಳಗಿನ ಹಿಂದಿನ ಕೋಣೆ. ನಮ್ಮ ತಲೆಯ ಮೇಲೇ ಇಂಗ್ಲಿಷ್ ಕ್ಲಾಸು. ಅದನ್ನು ಗುಡಿಸಿ ಒರೆಸುವವಳು ನಾನು. ಬೋರ್ಡ್ ಒರೆಸುವುದು, ಕುರ್ಚಿಗಳನ್ನು ಎದುರುಬದುರು ಜೋಡಿಯಾಗಿ ಇಡುವುದು. ಒಂದು ಕುರ್ಚಿಯಲ್ಲಿ ಪ್ರಶ್ನೆ ಕೇಳುವವರು, ಇನ್ನೊಂದರಲ್ಲಿ ಉತ್ತರ ಹೇಳುವವರು. ನರ್ಸುಗಳು, ಡ್ರೈವರುಗಳು, ಅಡುಗೆಯವರು, ಎಲ್ಲರೂ ಬರುತ್ತಿದ್ದರು. ಮೇಷ್ಟ್ರು ಕೆಟ್ಟ ಮನುಷ್ಯ ಅಲ್ಲ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ನನ್ನ ಗಂಡನ ತೊಂದರೆ ಏನೆಂದರೆ, ನಿಜ ಹೇಳಿ ಮುಗಿಸಿಬಿಡುತ್ತಿದ್ದರು. ‘ಬಿಡುವಿನ ವೇಳೆಯಲ್ಲಿ ಏನು ಮಾಡುತ್ತೀರಿ?’ ಎಂದರೆ, ಮಲಗುತ್ತೇನೆ. ‘ನೀವು ಹೋದ ಒಂದು ಪ್ರವಾಸ?’ ಹೋಗಿಲ್ಲ. ‘ನಿಮಗೆ ಸಿಕ್ಕ ಒಂದು ಉಡುಗೊರೆ?’ ಮಾವ ಗಡಿಯಾರ ಕೊಟ್ಟರು, ನಿಂತುಹೋಯಿತು. ಇದನ್ನು ನನಗೆ ಕನ್ನಡದಲ್ಲಿ ಹೇಳಿದಾಗ, “ನಮ್ಮಪ್ಪ ಕೊಟ್ಟಾಗ ಓಡ್ತಿತ್ತು. ನೀವು ಬಿಚ್ಚಿ ನೋಡಿದ ಮೇಲೇ ನಿಂತಿದ್ದು, ಅದನ್ನೂ ಸೇರಿಸಿ,” ಅಂದೆ.

ಮೇಷ್ಟ್ರು ತಲೆ ಚಚ್ಚಿಕೊಂಡರು. ನಾನು ಕಿಟಕಿ ಒರೆಸುತ್ತಾ ಕೇಳಿಸಿಕೊಂಡೆ. “ಅಯ್ಯೋ ಲಿಫ್ಟಣ್ಣ, ಸುಳ್ಳು ಹೇಳಪ್ಪ. ಪರೀಕ್ಷೆ ಮಾಡೋರು ನಿಮ್ಮ ಮನೆಗೆ ಬಂದು ನೋಡ್ತಾರಾ? ಅವರಿಗೆ ಬೇಕಾಗಿರೋದು ಮಾತು. ಪ್ರವಾಸ ಹೋಗಿಲ್ಲ ಅಂದ್ರೆ ಹೋಗು. ಸಮುದ್ರಕ್ಕೆ ಹೋಗು. ನಾಯಿ ಇಲ್ಲ ಅಂದ್ರೆ ಒಂದು ಸಾಕು.”

“ಸಾಕೋಕೆ ಮನೇಲಿ ಜಾಗ ಇಲ್ಲ ಸಾರ್.”

“ಬಾಯಲ್ಲಿ ಸಾಕಯ್ಯ.”

ಹಾಗೆ ನಮ್ಮ ಮನೆಗೆ ನಾಯಿ ಬಂತು. ಬಿಳಿ ನಾಯಿ. ಇವರು ಬಾಗಿಲು ತೆಗೆದ ಕೂಡಲೇ ಓಡಿಬಂದು ಬೂಟು ನೆಕ್ಕುತ್ತದಂತೆ. ಮಗಳು ಅದಕ್ಕೆ ಉದ್ದ ಬಾಲ ಕೊಟ್ಟಳು. ನಾನು, ಹೆಣ್ಣುನಾಯಿ ಬೇಡ, ಮರಿ ಹಾಕಿದರೆ ಮತ್ತೆ ಅವನ್ನೂ ಬಾಯಲ್ಲೇ ಸಾಕಬೇಕು ಅಂದೆ. ಸಂಜೆ ಬಂದವರು ಬಾಗಿಲಲ್ಲೇ ನಿಂತು, “ನಾಯಿಗೆ ಊಟ ಹಾಕಿದ್ಯಾ?” ಅನ್ನುತ್ತಿದ್ದರು. “ನಿಮಗಿಂತ ಮುಂಚೆನೇ ಹಾಕಿದೆ,” ಅನ್ನುತ್ತಿದ್ದೆ. ನಾಯಿಯ ವಿಷಯದಲ್ಲಿ ಮಾತ್ರ ಅವರು ಎರಡು ನಿಮಿಷ ದಾಟುತ್ತಿದ್ದರು. ನಾನು ಕೈ ತಟ್ಟಿ ನಿಲ್ಲಿಸಬೇಕಾಗುತ್ತಿತ್ತು.

ಆ ಮೆಚ್ಚುವ ವ್ಯಕ್ತಿಯ ಚೀಟಿ ಬಂದ ಮರುದಿನ ಮಧ್ಯಾಹ್ನ ನಾನು ಕ್ಲಾಸಿನ ನೆಲ ಒರೆಸುತ್ತಿದ್ದಾಗ ಫೋನು ಬಂತು.

ಅವರು ಮೇಲೆ ಹೋಗಿ ಸ್ವಿಚ್ ತೆಗೆದು, ಕೆಳಗೆ ಬಂದು ಒಳಗೆ ಇಳಿದಿದ್ದರು. ಯಾರೋ ಸ್ವಿಚ್ ಹಾಕಿದರು. ಲಿಫ್ಟ್ ಕೆಳಗಿಳಿಯಿತು. ಹಾಕಿದ್ದು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಗೊತ್ತಿರುವವರು ಹೇಳುವುದಿಲ್ಲ. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ. ಅವರನ್ನು ಹೊರಗೆ ತಂದ ಮೇಲೆ ನೋಡಿದವಳು ನಾನು, ಓದುವವರು ನೋಡಬೇಕಾಗಿಲ್ಲ.

ಎಲ್ಲಾ ಮುಗಿದ ಮೇಲೆ ಸೂಪರ್‌ವೈಸರ್ ಮನೆಗೆ ಬಂದರು. ನಮ್ಮ ಒಂದೇ ಕುರ್ಚಿಯಲ್ಲಿ ಕೂತರು. ನಮ್ಮಣ್ಣ ಇದ್ದ, ಮೇಷ್ಟ್ರು ಇದ್ದರು, ಅಕ್ಕಪಕ್ಕದವರು ಬಾಗಿಲಲ್ಲಿ ನಿಂತಿದ್ದರು.

“ಒಳ್ಳೆ ಕೆಲಸಗಾರ. ಇಲ್ಲ ಅನ್ನಲ್ಲ,” ಅಂದರು. “ಆದ್ರೆ ಇತ್ತೀಚೆಗೆ ಗಮನ ಇರಲಿಲ್ಲಮ್ಮ. ಯಾವಾಗ ನೋಡಿದ್ರೂ ಇಂಗ್ಲಿಷು. ಅವತ್ತೂ ಒಳಗೆ ನಿಂತ್ಕೊಂಡು ಅದನ್ನೇ ಒದರ್ತಾ ಇದ್ನಂತೆ. ಜೇಬಲ್ಲಿ ಚೀಟಿನೂ ಸಿಕ್ತು.”

ಚೀಟಿಯನ್ನು ತೆಗೆದು ನನ್ನ ಕೈಗೆ ಕೊಟ್ಟರು. ಹಿಂದಿನ ಸಂಜೆ ಅವರು ಮಡಚಿಟ್ಟ ಹಾಗೇ ಇತ್ತು.

“ನಾನು ಅವತ್ತೇ ಹೇಳಿದ್ದೆ,” ಅಂದ ನಮ್ಮಣ್ಣ. “ಈ ವಯಸ್ಸಲ್ಲಿ ಇದೆಲ್ಲಾ ಯಾಕೆ ಭಾವನಿಗೆ ಅಂತ.”

ಅವನು ಯಾವತ್ತೂ ಹಾಗೆ ಹೇಳಿರಲಿಲ್ಲ. ಕಾಗದಪತ್ರ ಬರೆದುಕೊಡುತ್ತೇನೆ ಎಂದು ಓಡಾಡಿದವನೇ ಅವನು. ನಾನು ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ. ಕಂಪನಿಯವರು ಸೂಪರ್‌ವೈಸರ್ ಹೇಳಿದ್ದನ್ನೇ ಬರೆದುಕೊಂಡು ಕೈ ತೊಳೆದುಕೊಂಡರು. ಸತ್ತವನ ತಪ್ಪು, ಸತ್ತವನ ಜೊತೆಗೇ ಹೋಯಿತು.

ಹೊಟ್ಟೆಪಾಡು ಬಿಡುತ್ತದಾ. ಮತ್ತೆ ಮೇಲೆ ಹೋಗಿ ಗುಡಿಸಲು ಶುರು ಮಾಡಿದೆ. ಕುರ್ಚಿಗಳನ್ನು ಜೋಡಿ ಜೋಡಿಯಾಗಿ ಇಟ್ಟೆ. ಬೋರ್ಡಿನ ತುಂಬಾ ಏನೋ ಬರಹ. ಒರೆಸಿದೆ. ಮಾರನೇ ದಿನ ಅದೇ ಬರಹ. ಮತ್ತೆ ಒರೆಸಿದೆ. ನನಗೆ ಅದರಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ. ಕ್ಲಾಸಿನ ಹೊತ್ತಿಗೆ ಅದನ್ನೇ ಎಲ್ಲರೂ ಒಟ್ಟಿಗೆ ಒದರುವುದು ನಮ್ಮ ಕೋಣೆಗೂ ಕೇಳುತ್ತಿತ್ತು, ಮಗ್ಗಿ ಹೇಳಿದ ಹಾಗೆ.

ಒಂದು ದಿನ ನರ್ಸಮ್ಮ ಒಬ್ಬಳು ಕೆಳಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು.

“ಅಕ್ಕ, ಪಾಸಾದೆ. ಮುಂದಿನ ತಿಂಗಳು ಹೊರಡ್ತೀನಿ. ಎಲ್ಲಾ ನಿಮ್ಮ ಯಜಮಾನ್ರ ಪುಣ್ಯ.”

“ಅವರೇನು ಮಾಡಿದ್ರು ನಿನಗೆ?”

“ಮೆಚ್ಚುವ ವ್ಯಕ್ತಿ ಅನ್ನೋ ವಿಷಯ ಬಂತಕ್ಕ. ಅವರ ಬಗ್ಗೆನೇ ಹೇಳಿದೆ. ನಾವೆಲ್ಲಾ ಅವರನ್ನೇ ಕಲ್ತಿರೋದು. ಪರೀಕ್ಷೆ ಮಾಡೋರು ಕನ್ನಡಕ ತೆಗೆದು ಒರೆಸ್ಕೊಂಡ್ರು.”

ಚೆನ್ನಾಗಿರು ಅಂದೆ. ಅವಳು ಹೋದ ಮೇಲೆ ಮಗಳನ್ನು ಮೇಲೆ ಕರೆದುಕೊಂಡು ಹೋಗಿ ಬೋರ್ಡಿನ ಮುಂದೆ ನಿಲ್ಲಿಸಿದೆ. “ಓದು” ಅಂದೆ.

ಅವಳು ಮೊದಲು ತನ್ನ ಮನಸ್ಸಿನಲ್ಲೇ ಓದಿಕೊಂಡಳು. ಮುಖ ಸಣ್ಣಗಾಯಿತು.

“ಕನ್ನಡದಲ್ಲಿ ಹೇಳು.”

“‘ನಾನು ಮೆಚ್ಚುವ ವ್ಯಕ್ತಿ ಒಬ್ಬರು ಲಿಫ್ಟ್ ಮೆಕ್ಯಾನಿಕ್. ಅವರಿಗೆ ದೊಡ್ಡ ದೊಡ್ಡ ಕನಸುಗಳಿದ್ದವು. ಅವರಿಗೆ ಸಮುದ್ರ ಅಂದ್ರೆ ಪ್ರಾಣ.’”

“ಸಮುದ್ರ ಅವರು ಕಣ್ಣಲ್ಲಿ ನೋಡಿಲ್ಲ. ಮುಂದೆ?”

“‘ಅವರದೊಂದು ಬಿಳಿ ನಾಯಿ. ಅದು ಈಗಲೂ ಬಾಗಿಲಲ್ಲಿ ಅವರಿಗೋಸ್ಕರ ಕಾಯುತ್ತೆ.’” ಇಲ್ಲಿ ಅವಳ ದನಿ ಒಡೆಯಿತು. ನಗುವೋ ಅಳುವೋ ನನಗೂ ಗೊತ್ತಾಗಲಿಲ್ಲ, ಅವಳಿಗೂ ಗೊತ್ತಾಗಿರಲಿಕ್ಕಿಲ್ಲ.

“ಮುಂದೆ?”

“‘ಕೊನೇ ಗಳಿಗೆಯಲ್ಲೂ ಅವರು ಲಿಫ್ಟಿನ ಗುಂಡಿಯಲ್ಲಿ, ಕತ್ತಲಲ್ಲಿ, ಒಬ್ಬರೇ ಇಂಗ್ಲಿಷ್ ಮಾತಾಡ್ತಿದ್ದರು. ಸುತ್ತ ಏನಾಗ್ತಿದೆ ಅನ್ನೋದೂ ಅವರ ಗಮನಕ್ಕೆ ಬರಲಿಲ್ಲ.’”

“ಇನ್ನೊಂದ್ಸಲ ಹೇಳು.”

ಹೇಳಿದಳು.

“ಒಬ್ಬರೇ ಅಂತ ಇದೆಯಾ?”

“ಇದೆ.”

“ಒಬ್ಬರೇ ಇದ್ದರೆ, ಅವರು ಮಾತಾಡಿದ್ದನ್ನ ಕೇಳಿಸಿಕೊಂಡೋರು ಯಾರು?”

ಮಗಳು ನನ್ನ ಮುಖ ನೋಡಿದಳು. ಸೂಪರ್‌ವೈಸರ್ ನಮ್ಮ ಕುರ್ಚಿಯಲ್ಲಿ ಕೂತು ಆ ಮಾತು ಹೇಳಿದಾಗ ಇದು ನನಗೆ ಹೊಳೆದಿರಲಿಲ್ಲ. ಈಗ ಹೊಳೆಯಿತು. ಅಲ್ಲಿ ಯಾರಾದರೂ ಇದ್ದು ಕೇಳಿಸಿಕೊಂಡಿದ್ದರೆ ಸ್ವಿಚ್ ಹಾಕುವಾಗ ಯಾಕೆ ಕೂಗಲಿಲ್ಲ? ಯಾರೂ ಇರಲಿಲ್ಲವಾದರೆ ಇಂಗ್ಲಿಷ್ ಒದರುತ್ತಿದ್ದ ಎಂದು ಹೇಳಿದ್ದು ಯಾರು? ಗುಂಡಿಯೊಳಗೆ ಕೆಮ್ಮನ್ನೂ ನುಂಗುತ್ತಿದ್ದ ಮನುಷ್ಯ ಅಲ್ಲಿ ನಿಂತು ಭಾಷಣ ಮಾಡುತ್ತಾರಾ?

ಇದನ್ನು ಹಿಡಿದುಕೊಂಡು ಮೊದಲು ಗಂಟಲಣ್ಣನ ಮನೆಗೆ ಹೋದೆ. ಅವರು ನನ್ನನ್ನು ಬಾಗಿಲಲ್ಲೇ ನೋಡಿ ಎದ್ದು ನಿಂತರು.

“ಅವತ್ತು ನೀವೆಲ್ಲಿದ್ರಿ ಅಣ್ಣ?”

“ಬೇರೆ ಕಟ್ಟಡಕ್ಕೆ ಕಳಿಸಿದ್ರು ತಂಗ್ಯಮ್ಮ. ನಾನು ಹೇಳಿದೆ, ಇಬ್ಬರ ಕೆಲಸ ಅದು ಅಂತ.”

“ಇವರು ಒಳಗೆ ಮಾತಾಡ್ತಿದ್ರಾ ಯಾವತ್ತಾದ್ರೂ?”

“ಅವನಾ?” ಅವರಿಗೆ ನಗು ಬಂದೇಬಿಟ್ಟಿತು. “ಒಂದ್ಸಲ ನಾನು ಮೇಲಿಂದ ಟೀ ಬಂತು ಅಂತ ಕೂಗಿದ್ದಕ್ಕೆ ಹತ್ತಿ ಬಂದು ಬೈದ. ‘ತೆಗೆದೆ’ ‘ಹಾಕಿದೆ’ ಬಿಟ್ಟು ಬೇರೆ ಮಾತು ಬಂದ್ರೆ ನನಗೆ ಗೊಂದಲ ಆಗುತ್ತೆ ಅಂದ. ಟೀ ಆರಿಹೋಯ್ತು, ಬೈಗಳ ಮುಗೀಲಿಲ್ಲ.”

“ಇದನ್ನೇ ಕಂಪನೀಲಿ ಬಂದು ಹೇಳಿ.”

ನಗು ನಿಂತಿತು. ಅವರು ಒಳಗಡೆ ಕೋಣೆಯ ಕಡೆ ನೋಡಿದರು. ಅಲ್ಲಿ ಅವರ ಹೆಂಡತಿ ಕಾಯಿಲೆ ಬಿದ್ದು ಮಲಗಿದ್ದರು.

“ನಾನು ಬಾಯಿ ಬಿಟ್ರೆ ನನ್ನ ಕೆಲಸ ಹೋಗುತ್ತೆ ತಂಗ್ಯಮ್ಮ,” ಅಂದರು. ಎಷ್ಟು ಮೆಲ್ಲಗೆ ಅಂದರೆ, ಪಕ್ಕದಲ್ಲಿ ನಿಂತಿದ್ದ ನನಗೇ ಸರಿಯಾಗಿ ಕೇಳಲಿಲ್ಲ. ಹತ್ತು ಮಹಡಿಗೆ ಕೇಳುತ್ತಿದ್ದ ಗಂಟಲು ಅದು.

ನಾನೊಬ್ಬಳೇ ಹೋದೆ. ಕಂಪನಿಯ ಆಫೀಸಿನಲ್ಲಿ ಗಾಜಿನ ಬಾಗಿಲು, ಹೊರಗೆ ಬೆಂಚು. ಬಹಳ ಹೊತ್ತು ಕೂರಿಸಿ ಆಮೇಲೆ ಕರೆದರು. ನಾನು ಬೇರೆ ಏನನ್ನೂ ಕೇಳಲಿಲ್ಲ. “ಅವರು ಇಂಗ್ಲಿಷ್ ಮಾತಾಡ್ತಿದ್ದದ್ದನ್ನ ಕೇಳಿಸಿಕೊಂಡ ಮನುಷ್ಯನ್ನ ನನಗೆ ತೋರಿಸಿ,” ಅಂದೆ.

ಸೂಪರ್‌ವೈಸರ್ ಪೆನ್ನು ಕೆಳಗಿಟ್ಟರು. “ಎಲ್ಲರಿಗೂ ಗೊತ್ತಿರೋ ವಿಷಯಾಮ್ಮ ಅದು.”

“ಎಲ್ಲರೂ ಯಾರು?”

“ನಿಮ್ಮ ಮನೆ ಮೇಲಿನ ಕ್ಲಾಸಲ್ಲೇ ಹೇಳ್ಕೊಡ್ತಾರಲ್ಲ. ನನ್ನ ತಮ್ಮ ಅಲ್ಲೇ ಕಲಿಯೋದು. ಅವನೇ ಹೇಳ್ದ, ಅಣ್ಣ, ನಿಮ್ಮ ಕಂಪನಿಯವರ ಬಗ್ಗೆ ಪಾಠ ಇದೆ ಅಂತ. ನಿಮ್ಮ ಮೇಷ್ಟ್ರೇ ಬರೆದ ಮೇಲೆ ನಾನೇನು ಹೇಳಲಿ? ಅವರೇನು ಸುಳ್ಳು ಬರೀತಾರಾ?”

ನಾನು ಎದ್ದು ಬಂದೆ. ಇವನು ಹೇಳಿದ್ದನ್ನು ಮೇಷ್ಟ್ರು ಬರೆದರು. ಮೇಷ್ಟ್ರು ಬರೆದದ್ದನ್ನು ಇವನು ಸಾಕ್ಷಿ ಅನ್ನುತ್ತಾನೆ. ನಡುವೆ ನನ್ನ ಗಂಡ ನುಜ್ಜುಗುಜ್ಜಾದರು, ಇನ್ನೊಂದು ಸಲ.

ಮೇಷ್ಟ್ರ ಹತ್ತಿರ ಹೋದಾಗ ಅವರು ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದರು.

“ಆ ಸಾಲು ತೆಗೀಬೇಕು,” ಅಂದೆ.

“ಯಾವ ಸಾಲಮ್ಮ?”

“ಕತ್ತಲಲ್ಲಿ ಒಬ್ಬರೇ ಮಾತಾಡ್ತಿದ್ದರು ಅನ್ನೋದು.”

ಅವರಿಗೆ ನಿಜವಾಗಿಯೂ ನೋವಾಯಿತು. ಲೋಟ ಕೆಳಗಿಟ್ಟರು. “ಅಮ್ಮ, ಅದನ್ನ ನಾನು ಅವರ ಮೇಲಿನ ಗೌರವಕ್ಕೆ ಬರೆದಿದ್ದು. ಕೊನೇವರೆಗೂ ಬಿಡಲಿಲ್ಲ ಅಂತ. ಆ ಸಾಲು ಬಂದಾಗಲೇ ಕೇಳೋರಿಗೆ ಗಂಟಲು ಕಟ್ಟೋದು. ಅದಕ್ಕೇ ಮಾರ್ಕ್ಸು.”

“ಅವರ ತಪ್ಪಿಂದ ಸತ್ತರು ಅಂತ ಆಗುತ್ತೆ ಅದು.”

“ಹಾಗೆ ಅರ್ಥ ಅಲ್ಲಮ್ಮ.”

“ಕಂಪನಿಯವರಿಗೆ ಹಾಗೇ ಅರ್ಥ ಆಗಿದೆ. ನಿಮ್ಮನ್ನೇ ಸಾಕ್ಷಿ ಮಾಡ್ಕೊಂಡಿದ್ದಾರೆ.”

ಅವರು ಬೋರ್ಡಿನ ಕಡೆ ತಿರುಗಿದರು. ನಾನು ಕೇಳಿದೆ, “ಮೇಷ್ಟ್ರೇ, ನೀವು ಕೇಳಿಸಿಕೊಂಡ್ರಾ ಅವರು ಮಾತಾಡಿದ್ದನ್ನ?”

“ನಾನೆಲ್ಲಿ ಕೇಳಿಸಿಕೊಳ್ಳಲಿ. ಅವತ್ತು ನಿಮ್ಮ ಮನೇಲಿ ಆ ಮನುಷ್ಯ ಹೇಳಿದ್ನಲ್ಲ.”

“ನಾಯಿನ ನೋಡಿದ್ರಾ?”

ಅವರು ತಲೆ ತಗ್ಗಿಸಿದರು. “ನಾಯಿ ನಾನೇ ಸಾಕೋಕೆ ಹೇಳಿದ್ದು.”

“ನಾಯಿ ಇರಲಿ. ಸಮುದ್ರ ಇರಲಿ. ಎಷ್ಟು ಬೇಕೋ ಅಷ್ಟು ಸುಳ್ಳು ಹೇಳ್ಕೊಳ್ಳಿ. ಇದೊಂದು ತೆಗೀರಿ. ಇಲ್ಲ ಅಂದ್ರೆ ಬೋರ್ಡ್ ಒರೆಸೋಳು ನಾನೇ, ಗೊತ್ತಲ್ಲ.”

“ಬೋರ್ಡ್ ಒರೆಸಬಹುದು. ಕಲ್ತಿರೋರ ಬಾಯನ್ನ ಹೇಗೆ ಒರೆಸ್ತೀರಾ?” ಅಂದರು. ಕೊಂಕಿಗೆ ಹೇಳಿದ್ದಲ್ಲ, ಅವರಿಗೂ ಗೊತ್ತಿರಲಿಲ್ಲ. ಆಮೇಲೆ ಅವರೇ ಒಂದು ದಾರಿ ಹೇಳಿದರು. “ಇವತ್ತು ಕ್ಲಾಸಿಗೆ ಬನ್ನಿ. ನೀವೇ ಹೇಳಿ. ನಿಜವಾಗಿ ಹೇಗಿದ್ರು ಅಂತ.”

ಕ್ಲಾಸಿನ ಹೊತ್ತಿಗೆ ಪೊರಕೆ ಬಾಗಿಲಲ್ಲೇ ಇಟ್ಟು ಒಳಗೆ ಹೋದೆ. ಎದುರುಬದುರು ಇದ್ದ ಕುರ್ಚಿಗಳನ್ನೆಲ್ಲಾ ನನ್ನ ಕಡೆ ತಿರುಗಿಸಿಕೊಂಡು ಕೂತಿದ್ದರು. ಸೂಪರ್‌ವೈಸರ್‌ನ ತಮ್ಮ ಯಾರೆಂದು ನನಗೆ ಗೊತ್ತಿರಲಿಲ್ಲ, ಅಲ್ಲೇ ಎಲ್ಲೋ ಇದ್ದ. ಅಭ್ಯಾಸಬಲ, ಯಾರೋ ಗಡಿಯಾರವನ್ನು ಮೇಜಿನ ಮೇಲೆ ಇಟ್ಟರು.

ಹೇಳಿದೆ. ಲಿಫ್ಟ್ ಕೆಲಸಕ್ಕೆ ಇಬ್ಬರು ಬೇಕು. ನನ್ನ ಗಂಡನನ್ನು ಒಬ್ಬರನ್ನೇ ಕಳಿಸಿದರು. ಅವರು ಗುಂಡಿಯೊಳಗೆ ಯಾವತ್ತೂ ಮಾತಾಡುತ್ತಿರಲಿಲ್ಲ, ಮೇಲಿನವನ ಕೂಗಿಗೆ ಕಿವಿ ಕೊಟ್ಟಿರುತ್ತಿದ್ದರು. ಅವತ್ತು ಮೇಲೆ ಕೂಗುವವರು ಇರಲಿಲ್ಲ. ಯಾರೋ ಸ್ವಿಚ್ ಹಾಕಿದರು. ಅಷ್ಟೇ.

ಎಲ್ಲರೂ ಇನ್ನೂ ಕೇಳುತ್ತಾ ಕೂತಿದ್ದರು. ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ. ಗಡಿಯಾರ ನೋಡಿದೆ. ಒಂದು ನಿಮಿಷವೂ ಆಗಿರಲಿಲ್ಲ. ನನ್ನ ಗಂಡನಿಗೆ ನಾನು ಎಷ್ಟು ಬೈಯುತ್ತಿದ್ದೆ, ಇಷ್ಟಕ್ಕೇ ಮುಗೀತಾ ಎಂದು. ನಿಜ ಹೇಳಿದರೆ ಇಷ್ಟಕ್ಕೇ ಮುಗಿಯುತ್ತದೆ.

ಹಿಂದಿನ ಕುರ್ಚಿಯಿಂದ ಒಬ್ಬ ಡ್ರೈವರ್ ಎದ್ದು ನಿಂತ. ಒಳ್ಳೆಯವನೇ, ಬಸ್ಸು ಓಡಿಸುವವನು. ನನ್ನನ್ನು ನೋಡಲಾರದೆ ಬೋರ್ಡನ್ನು ನೋಡಿಕೊಂಡು ಹೇಳಿದ.

“ಅಮ್ಮ, ತಪ್ಪು ತಿಳ್ಕೋಬೇಡಿ. ನಾಡಿದ್ದು ನನ್ನ ಪರೀಕ್ಷೆ. ಆ ಸಾಲು ತೆಗೆದ್ರೆ ಎರಡು ನಿಮಿಷಕ್ಕೆ ಸಾಲಲ್ಲ.”

ಮೇಷ್ಟ್ರು ಅವನನ್ನು ಗದರಲು ಹೊರಟರು. ನಾನು ಬೇಡ ಎಂದು ಕೈ ಮಾಡಿದೆ. ಅವನು ಕೇಳಿದ್ದು ಸರಿಯಾಗೇ ಇತ್ತು. ಅವನಿಗೂ ಮನೆಯಿದೆ, ಹೆಂಡತಿಯಿದ್ದಾಳೆ, ಅವನನ್ನೂ ಯಾರೋ ಎಲ್ಲಿಗೋ ಒಬ್ಬನನ್ನೇ ಕಳಿಸುತ್ತಿರುತ್ತಾರೆ.

“ಹಾಗಾದ್ರೆ ನಾಯಿ ಬಗ್ಗೆ ಇನ್ನೊಂದು ಸ್ವಲ್ಪ ಹೇಳಪ್ಪ,” ಅಂದೆ. “ಅದಕ್ಕೆ ಉದ್ದ ಬಾಲ ಇತ್ತು. ಬೂಟು ನೆಕ್ತಿತ್ತು.”

ಅವನು ತಲೆಯಾಡಿಸಿ ಬರೆದುಕೊಂಡ. ಒಬ್ಬಿಬ್ಬರು ಅವನನ್ನು ನೋಡಿ ತಾವೂ ಬರೆದುಕೊಂಡರು. ನಾನು ಹೊರಗೆ ಬಂದು ಪೊರಕೆ ಎತ್ತಿಕೊಂಡೆ.

ಮೇಷ್ಟ್ರು ಕೆಲವು ದಿನ ಮಾತು ಉಳಿಸಿಕೊಂಡರು. ಬೋರ್ಡಿನಲ್ಲಿ ನಾಯಿ ಉದ್ದವಾಯಿತು, ಆ ಸಾಲು ಇರಲಿಲ್ಲ. ಆಮೇಲೆ ಹಳಬರು ಹೋದರು, ಹೊಸಬರು ಬಂದರು. ಹೊಸಬರು ಹಳಬರ ಹತ್ತಿರ ಕೇಳಿ ಬರೆದುಕೊಂಡು ಬಂದಿರುತ್ತಾರೆ. ಸಾರ್, ಆ ಕತ್ತಲಿನ ಸಾಲು ಚೆನ್ನಾಗಿದೆಯಲ್ಲ, ಅದನ್ನೂ ಹೇಳಿಕೊಡಿ ಅನ್ನುತ್ತಾರೆ. ಮೇಷ್ಟ್ರು ಒಂದು ದಿನ ಬೇಡ ಅನ್ನುತ್ತಾರೆ, ಒಂದು ದಿನ ಮರೆಯುತ್ತಾರೆ, ಒಂದು ದಿನ ಅವರ ಕೈಯೇ ಬರೆದುಬಿಡುತ್ತದೆ. ಬೇರೆ ಬೀದಿಯ ಕ್ಲಾಸಿನಲ್ಲೂ ಇದನ್ನು ಹೇಳಿಕೊಡುತ್ತಾರೆ ಎಂದು ಮಗಳು ಕೇಳಿಕೊಂಡು ಬಂದಳು. ಅಲ್ಲಿ ನಾಯಿ ಕಪ್ಪಂತೆ. ಕಂಪನಿಯಲ್ಲಿ ಬರೆದದ್ದು ಬರೆದ ಹಾಗೇ ಇದೆ. ಗಂಟಲಣ್ಣನನ್ನೂ ಈಗ ಒಬ್ಬರನ್ನೇ ಕಳಿಸುತ್ತಾರಂತೆ.

ಆ ಸಾಲು ಹೇಗಿರುತ್ತದೆ ಎಂದು ಮಗಳು ನನಗೆ ಬರೆದು ತೋರಿಸಿದ್ದಾಳೆ. ಇಂಗ್ಲಿಷ್ ಓದಲು ಬರುವುದಿಲ್ಲ. ಆ ಸಾಲಿನ ಮುಖ ಗುರುತಿದೆ. ದಿನಾ ಬೆಳಿಗ್ಗೆ ಅವಳನ್ನು ಸ್ಕೂಲಿಗೆ ಕಳಿಸಿ ಮೇಲೆ ಹೋಗುತ್ತೇನೆ. ಕಿಟಕಿ ತೆಗೆಯುತ್ತೇನೆ. ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಬೋರ್ಡಿನ ಮುಂದೆ ನಿಂತು ಮೇಲಿನಿಂದ ಕೆಳಗಿನವರೆಗೆ ಹುಡುಕುತ್ತೇನೆ. ಆ ಸಾಲು ಇದ್ದರೆ ಮೊದಲು ಅದನ್ನು ಒರೆಸುತ್ತೇನೆ. ಆಮೇಲೆ ಉಳಿದದ್ದನ್ನು ಒರೆಸಿ, ಕುರ್ಚಿಗಳನ್ನು ಜೋಡಿ ಜೋಡಿಯಾಗಿ ಇಡುತ್ತೇನೆ.